ಅಳೆದದ್ದನ್ನೇ ಮತ್ತೆ ಅಳೆದ ಲ್ಯಾಂಬ್ಟನ್

ಹೊಲದ ಬದುವಿನ ತಕರಾರು ಇಲ್ಲದ ಊರು ರಾಯಚೂರು ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಸಿಂಧನೂರಿನಿಂದ ರಾಯಚೂರಿನತ್ತ ಹೋಗುವ ದಾರಿಯಲ್ಲಿ ಸಿಗುವ ಜವಳಗೇರಾ ಸೀಮೆ ಸಾವಿರಾರು ಎಕರೆಯ ಕೇಂದ್ರ ಸರ್ಕಾರದ ಬೀಜೋತ್ಪಾದನಾ ಫಾರ್ಮಿಗೂ ಭತ್ತದ ಗದ್ದೆಗಳಿಗೂ ಹೆಸರಾದದ್ದು. ತುಂಗಭದ್ರಾ ಎಡದಂಡೆ ಕಾಲುವೆ ಬರುವ ಮೊದಲು ಈ ಎರೆಭೂಮಿ ಜೋಳ, ಹತ್ತಿ ಬೆಳೆದುಕೊಂಡು ಮಳೆಯ ದಾರಿ ಕಾಯುತ್ತಿತ್ತು. ಆಗ ಬದು ಒಂದು ಮೊಳ ಆಚೆ ಸರಿದರೂ ಹಿರಿಯರು ಕಟ್ಟೆಯ ಮೇಲೆ ಕೂತು ಬಗೆಹರಿಸುತ್ತಿದ್ದರು. ನೀರು ಬಂದ ಮೇಲೆ ಎಕರೆಯ ಮಾತು ಗುಂಟೆಗಿಳಿಯಿತು, ಗುಂಟೆಯ ಮಾತು ಅಡಿಗಿಳಿಯಿತು. ಅಣ್ಣತಮ್ಮಂದಿರು ಪಾಲಾದಾಗ, ಹೊಲ ಮಾರಿದಾಗ, ಪೋಡಿ ಆಗಬೇಕಾದಾಗ ತಾಲ್ಲೂಕಿನಿಂದ ಸರ್ವೇಯರು ಬರಲೇಬೇಕು.

ಸರ್ವೇಯರು ಬಂದ ದಿನ ಹೊಲದಲ್ಲಿ ಮೊದಲು ಏಳುವ ಪ್ರಶ್ನೆ ಎಷ್ಟು ಉದ್ದ, ಎಷ್ಟು ಅಗಲ ಎಂಬುದಲ್ಲ. ಅಳತೆಯನ್ನು ಯಾವ ಕಲ್ಲಿನಿಂದ ಶುರು ಮಾಡಬೇಕು ಎಂಬುದು. ಆ ಬಾಂದು ಕಲ್ಲು ಹಳೆಯ ಟಿಪ್ಪಣಿಯಲ್ಲಿ ತೋರಿಸಿದ ಜಾಗದಲ್ಲೇ ಇದೆಯೆ, ಇಲ್ಲ ಯಾರೋ ರಾತ್ರೋರಾತ್ರಿ ಕಿತ್ತು ನಾಲ್ಕು ಹೆಜ್ಜೆ ಆಚೆ ನೆಟ್ಟಿದ್ದಾರೆಯೆ? ಮೊದಲ ಕಲ್ಲೇ ತಪ್ಪಿದ್ದರೆ ಸರಪಳಿಯನ್ನು ಎಷ್ಟು ಬಿಗಿಯಾಗಿ ಎಳೆದರೂ ಬರುವ ಲೆಕ್ಕ ತಪ್ಪೇ.

ಇಡೀ ಭಾರತ ಉಪಖಂಡದ ಅಳತೆಗೆ ಕೈಹಾಕಿದ ಒಬ್ಬ ಮನುಷ್ಯನನ್ನು ಕಾಡಿದ್ದೂ ಇದೇ ಪ್ರಶ್ನೆ. ಆತನ ಹೆಸರು ವಿಲಿಯಂ ಲ್ಯಾಂಬ್ಟನ್. ಪ್ರತಿವರ್ಷ ಏಪ್ರಿಲ್ 10ರಂದು ದೇಶದಲ್ಲಿ ರಾಷ್ಟ್ರೀಯ ಸರ್ವೇಕ್ಷಣಾ ದಿನ ಆಚರಿಸುವುದು ಆತ 1802ರ ಆ ದಿನ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸರಪಳಿ ಹಾಸಲು ಆರಂಭಿಸಿದ್ದರ ನೆನಪಿಗಾಗಿ. ಆದರೆ ಆತ ಈ ನೆಲದಲ್ಲಿ ಮೊದಲು ಸರಪಳಿ ಹಾಸಿದ್ದು ಮದ್ರಾಸಿನಲ್ಲಲ್ಲ, ಅದಕ್ಕೂ ಒಂದೂವರೆ ವರ್ಷ ಮುಂಚೆ, ಬೆಂಗಳೂರಿನ ಬಯಲಿನಲ್ಲಿ. ಮುಂದೆ ಆತನ ಅಳತೆಯ ರೇಖೆ ಗುತ್ತಿಯಿಂದ ಬೀದರಿನವರೆಗೆ ಸಾಗುವಾಗ ತುಂಗಭದ್ರೆಯನ್ನೂ ಕೃಷ್ಣೆಯನ್ನೂ ದಾಟಿತು. ಅಂದರೆ ಈ ದೋಆಬಿನ ಮೂಡಣ ಅಂಚಿನಲ್ಲಿ ಹಾದುಹೋಯಿತು. ಭೂಮಾಪಕರ ಕಸುಬಿಗೆ ಆತ ಬಿಟ್ಟುಹೋದದ್ದು ನಕ್ಷೆಗಿಂತ ಹೆಚ್ಚಾಗಿ ಒಂದು ಅಭ್ಯಾಸವನ್ನು: ಅಳೆದದ್ದನ್ನು ನಂಬುವ ಮೊದಲು ಬೇರೆ ದಾರಿಯಿಂದ ಮತ್ತೊಮ್ಮೆ ಅಳೆದು ನೋಡುವುದು.

ಹಗ್ಗ, ಗಳೆ, ಸರಪಳಿ

ಭೂಮಿ ಅಳೆಯುವ ವಿದ್ಯೆ ಇಂಗ್ಲಿಷರು ತಂದುಕೊಟ್ಟದ್ದೆಂದು ಯಾರೂ ತಿಳಿಯಬೇಕಾಗಿಲ್ಲ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಕೊರೆದ ಕಾಲಕ್ಕೇ ಈ ಸೀಮೆ ಆಡಳಿತದ ಲೆಕ್ಕಕ್ಕೆ ಸಿಕ್ಕಿತ್ತು. ಗುತ್ತಿಗೆ ಸಮೀಪದ ಎರ್ರಗುಡಿಯ ಅಶೋಕ ಶಾಸನದಲ್ಲಿ 'ರಜ್ಜುಕ' ಎಂಬ ಅಧಿಕಾರಿಯ ಉಲ್ಲೇಖ ಇದೆ. ರಜ್ಜು ಎಂದರೆ ಹಗ್ಗ. ಹಗ್ಗ ಹಿಡಿದು ಹೊಲ ಅಳೆಯುವ ಕೆಲಸದಿಂದಲೇ ಈ ಹುದ್ದೆಗೆ ಆ ಹೆಸರು ಬಂತೆಂದು ವಿದ್ವಾಂಸರು ಹೇಳುತ್ತಾರೆ. ಅದೇ ಗುತ್ತಿಯ ಬಳಿ ಎರಡು ಸಾವಿರ ವರ್ಷಗಳ ನಂತರ, 1811ರಲ್ಲಿ, ಲ್ಯಾಂಬ್ಟನ್ ಉಕ್ಕಿನ ಸರಪಳಿ ಹಾಸಿದ್ದು ಕಾಕತಾಳೀಯ ಇರಬಹುದು, ಆದರೂ ನೆನಪಿಡತಕ್ಕದ್ದು.

ಕನ್ನಡದ ದಾನಶಾಸನಗಳನ್ನು ಓದುವವರಿಗೆ ಮತ್ತರು, ಕಮ್ಮ, ಗಳೆ, ಕೋಲು ಎಂಬ ಮಾತುಗಳು ಹೊಸವಲ್ಲ. ದೇವಸ್ಥಾನಕ್ಕೆ ಬಿಟ್ಟ ಭೂಮಿಯನ್ನು ಯಾವ ಗಳೆಯಿಂದ ಅಳೆದರು ಎಂದು ಹೆಸರಿಟ್ಟು ಹೇಳುವ ಶಾಸನಗಳಿವೆ. ಹೀಗೆ ಹೆಸರಿಡಬೇಕಾಗಿ ಬಂದುದೇಕೆಂದರೆ ಒಂದು ಸೀಮೆಯ ಗಳೆ ಇನ್ನೊಂದು ಸೀಮೆಯದಕ್ಕೆ ಸಮ ಇರಲಿಲ್ಲ. ಊರೊಳಗಿನ ಲೆಕ್ಕಕ್ಕೆ ಇದರಿಂದ ತೊಂದರೆ ಆಗಲಿಲ್ಲ. ಊರಿಂದೂರಿಗೆ, ನಾಡಿಂದ ನಾಡಿಗೆ ಅಳತೆ ಕೂಡಿಸಿಕೊಂಡು ಹೋಗಬೇಕಾದಾಗ ಮಾತ್ರ ಅದು ಸಾಲದಾಯಿತು.

ನಕ್ಷತ್ರ ನೋಡಿ ದಾರಿ ಹೇಳಿದವ

ಲ್ಯಾಂಬ್ಟನ್ ಹುಟ್ಟಿದ್ದು ಇಂಗ್ಲೆಂಡಿನ ಯಾರ್ಕ್‌ಷೈರಿನ ಬಡ ಒಕ್ಕಲು ಮನೆಯಲ್ಲಿ, 1750ರ ದಶಕದಲ್ಲಿ. ಲೆಕ್ಕದಲ್ಲಿ ಚುರುಕು ಎಂಬುದೊಂದೇ ಆತನ ಆಸ್ತಿ. 33ನೇ ಕಾಲಾಳು ಪಡೆ ಸೇರಿ ಅಮೆರಿಕದ ಯುದ್ಧಕ್ಕೆ ಹೋಗಿ, ಯಾರ್ಕ್‌ಟೌನಿನಲ್ಲಿ ಸೆರೆಸಿಕ್ಕು, ಬಿಡುಗಡೆಯಾದ ಮೇಲೆ ಕೆನಡಾ ಕಡೆಯಲ್ಲಿ ವರ್ಷಗಟ್ಟಲೆ ಕಳೆದ. ಭಾರತಕ್ಕೆ ಬರುವ ಹೊತ್ತಿಗೆ ವಯಸ್ಸು ನಲವತ್ತು ದಾಟಿತ್ತು. ಸೈನ್ಯದಲ್ಲಿ ಆ ವಯಸ್ಸಿಗೆ ಇನ್ನೂ ಕೆಳಗಿನ ದರ್ಜೆಯಲ್ಲಿದ್ದವನಿಂದ ಯಾರೂ ಏನನ್ನೂ ನಿರೀಕ್ಷಿಸುವುದಿಲ್ಲ.

ಆತನನ್ನು ಎಲ್ಲರೂ ಗುರುತಿಸುವಂತೆ ಮಾಡಿದ ಪ್ರಸಂಗ ನಡೆದದ್ದು ಮೈಸೂರು ಸೀಮೆಯಲ್ಲೇ. 1799ರಲ್ಲಿ ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣದ ಮುತ್ತಿಗೆ ನಡೆದಿದ್ದಾಗ ಜನರಲ್ ಬೇರ್ಡ್ ಒಂದು ರಾತ್ರಿ ತುಕಡಿಯೊಂದನ್ನು ನಡೆಸಿಕೊಂಡು ಹೊರಟಿದ್ದ. ಕತ್ತಲಲ್ಲಿ ದಾರಿ ತಪ್ಪಿತು. ಜೊತೆಗಿದ್ದ ಲ್ಯಾಂಬ್ಟನ್ ಆಕಾಶ ನೋಡಿ, ನಾವು ದಿಕ್ಕು ತಪ್ಪಿದ್ದೇವೆ, ಹೀಗೇ ನಡೆದರೆ ನೇರ ಶತ್ರುವಿನ ಪಾಳೆಯಕ್ಕೇ ಬೀಳುತ್ತೇವೆ ಎಂದು ಎಚ್ಚರಿಸಿದ. ಜನರಲ್ ಮೊದಲು ಒಪ್ಪಲಿಲ್ಲ. ಕೊನೆಗೆ ದೀಪ ಹಚ್ಚಿ ದಿಕ್ಸೂಚಿ ನೋಡಿದಾಗ ನಕ್ಷತ್ರ ಹೇಳಿದ್ದೇ ನಿಜವಾಗಿತ್ತು.

ಟಿಪ್ಪುವಿನ ಪತನದ ನಂತರ ಕಂಪೆನಿ ಸರ್ಕಾರಕ್ಕೆ ತಾನು ಗೆದ್ದದ್ದೇನು ಎಂದು ತಿಳಿಯಬೇಕಿತ್ತು. ಮೈಸೂರು ಸೀಮೆಗೆ ಒಂದೇ ಕಾಲಕ್ಕೆ ಮೂರು ಬಗೆಯ ಸರ್ವೆ ಬಂದವು. ಫ್ರಾನ್ಸಿಸ್ ಬುಕಾನನ್ ಬೆಳೆ, ಕಸುಬು, ಮಾರುಕಟ್ಟೆಗಳನ್ನು ಬರೆದುಕೊಂಡು ಹೋದ. ಕಾಲಿನ್ ಮೆಕೆಂಜಿ ಊರು, ಕೆರೆ, ಬೆಟ್ಟ, ದಾರಿಗಳನ್ನು ನಕ್ಷೆಗೆ ಇಳಿಸುತ್ತ, ಜೊತೆಗೆ ಕಾವಲಿ ಸಹೋದರರು ಮತ್ತು ಮಲೆಯೂರಿನ ಜೈನ ಪಂಡಿತ ಧರ್ಮಯ್ಯನಂಥವರ ನೆರವಿನಿಂದ ಶಾಸನ, ಕೈಫಿಯತ್ತುಗಳನ್ನು ಕೂಡಿಹಾಕಿದ. ಮೆಕೆಂಜಿಯ ಋಣ ಕನ್ನಡದ ಇತಿಹಾಸಕಾರರ ಮೇಲೆ ದೊಡ್ಡದು. ಆತ ಮುಂದೆ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಮೂರನೆಯವನಾದ ಲ್ಯಾಂಬ್ಟನ್‌ಗೆ ಊರೂ ಬೇಡ, ಕೆರೆಯೂ ಬೇಡ. ಆತ ಕೇಳಿದ್ದು ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಗೆ ಒಂದು ತಪ್ಪಿಲ್ಲದ ಅಳತೆ. ಅದು ಸಿಕ್ಕರೆ ಉಳಿದವರ ನಕ್ಷೆಗಳನ್ನೆಲ್ಲ ಅದಕ್ಕೆ ಹೊಂದಿಸಿ ಸರಿಪಡಿಸಬಹುದು. ಇದರ ಜೊತೆಗೆ ಆತನ ಮನಸ್ಸಿನಲ್ಲಿ ಇನ್ನೊಂದು ಆಸೆಯೂ ಇತ್ತು. ಭೂಮಿ ನಿಜಕ್ಕೂ ಎಷ್ಟು ದುಂಡಗಿದೆ, ಧ್ರುವದ ಕಡೆ ಎಷ್ಟು ಚಪ್ಪಟೆ ಎಂಬುದನ್ನು ಇಲ್ಲಿಯ ಅಳತೆಯಿಂದ ಕಂಡುಹಿಡಿಯುವುದು.

ಇದಕ್ಕೆ ವಿರೋಧ ಬಾರದೆ ಇರಲಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿ ಹೊರುವವರಿಗೆ ಹೇಳಿದರೆ ಸಾಕು, ಅದಕ್ಕೆ ಇಷ್ಟೊಂದು ಹಣ ಏಕೆ ಎಂಬರ್ಥದ ಆಕ್ಷೇಪ ಮದ್ರಾಸಿನ ಲೆಕ್ಕಪತ್ರದ ಅಧಿಕಾರಿಗಳಿಂದಲೇ ಬಂತು. ಇಂದಿನ ಬಜೆಟ್ ಸಭೆಗಳ ಮಾತಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಚೀನಾಕ್ಕೆ ಹೋದ ಸರಪಳಿ ಬೆಂಗಳೂರಿಗೆ

ಬೇಕಾದ ಉಪಕರಣಗಳು ಇಲ್ಲಿ ಸಿಗುವಂತಿರಲಿಲ್ಲ. ಲಂಡನ್ನಿನ ಹೆಸರಾಂತ ಕುಶಲಕರ್ಮಿ ರಾಮ್ಸ್‌ಡೆನ್ ಮಾಡಿದ ನೂರು ಅಡಿಯ ಉಕ್ಕಿನ ಸರಪಳಿಯೊಂದನ್ನು ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಒಯ್ಯಲಾಗಿತ್ತು. ಆತ ಅದನ್ನು ಸ್ವೀಕರಿಸಲಿಲ್ಲ. ಆ ನಿಯೋಗದ ಜೊತೆ ಹೋಗಿದ್ದ ಡಿನ್‌ವಿಡ್ಡಿ ಎಂಬಾತನ ಕೈಯಲ್ಲಿ ಅದು ಕಲ್ಕತ್ತೆಗೆ ಬಂತು. ಲ್ಯಾಂಬ್ಟನ್ ಅದನ್ನೂ ನಕ್ಷತ್ರ ನೋಡುವ ಒಂದು ದೊಡ್ಡ ಉಪಕರಣವನ್ನೂ ಆತನಿಂದ ಕೊಂಡುಕೊಂಡ. ಚಕ್ರವರ್ತಿ ಬೇಡವೆಂದದ್ದು 1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಬಯಲಿನಲ್ಲಿ ಏಳು ಮೈಲಿಗೂ ಹೆಚ್ಚು ದೂರ ಹಾಸಿಕೊಂಡು ಹೋಯಿತು.

ಈ ಮೊದಲ ರೇಖೆಗೆ 'ಆಧಾರರೇಖೆ' ಎನ್ನುತ್ತಾರೆ. ಇದರ ತತ್ವ ಅಷ್ಟು ಕಷ್ಟದ್ದಲ್ಲ. ಕಾಲುವೆಯ ಆಚೆ ದಂಡೆಯ ಮೇಲೆ ಒಂದು ಬೇವಿನ ಮರ ಇದೆ ಎಂದುಕೊಳ್ಳಿ. ನೀರಿಗೆ ಇಳಿಯದೆ ಅದು ಎಷ್ಟು ದೂರ ಎಂದು ಹೇಳಬೇಕು. ಈಚೆ ದಂಡೆಯ ಮೇಲೆ ನೂರು ಅಡಿಯ ಒಂದು ಗೆರೆ ಅಳೆದು, ಅದರ ಎರಡು ತುದಿಗಳಲ್ಲಿ ನಿಂತು ಮರ ಯಾವ ಕೋನದಲ್ಲಿ ಕಾಣುತ್ತದೆ ಎಂದು ನೋಡಿಕೊಂಡರೆ ಸಾಕು. ಒಂದು ಬಾಹು, ಎರಡು ಕೋನ ಗೊತ್ತಾದರೆ ಉಳಿದ ಎರಡು ಬಾಹುಗಳನ್ನು ಶಾಲೆಯ ತ್ರಿಕೋನಮಿತಿಯೇ ಹೇಳಿಬಿಡುತ್ತದೆ. ಹಾಗೆ ಸಿಕ್ಕ ಬಾಹುವನ್ನೇ ಮುಂದಿನ ತ್ರಿಕೋನಕ್ಕೆ ಆಧಾರ ಮಾಡಿಕೊಂಡು ಬೆಟ್ಟದಿಂದ ಬೆಟ್ಟಕ್ಕೆ ಹೋಗಬಹುದು. ಸರಪಳಿ ನೆಲ ಮುಟ್ಟುವುದು ಮೊದಲ ಏಳೆಂಟು ಮೈಲಿ ಮಾತ್ರ. ಉಳಿದ ನೂರಾರು ಮೈಲಿಯನ್ನು ಕಣ್ಣು ಮತ್ತು ಲೆಕ್ಕ ಅಳೆಯುತ್ತವೆ.

ಹಾಗಾಗಿಯೇ ಆ ಮೊದಲ ಏಳೆಂಟು ಮೈಲಿಯಲ್ಲಿ ಬೆರಳಷ್ಟು ತಪ್ಪಿದರೂ ಅದು ಮುಂದಿನ ಪ್ರತಿ ತ್ರಿಕೋನಕ್ಕೂ ಅಂಟಿಕೊಂಡು ಬೆಳೆಯುತ್ತದೆ. ಲ್ಯಾಂಬ್ಟನ್ ಸರಪಳಿಯನ್ನು ಬರಿ ನೆಲದ ಮೇಲೆ ಎಳೆಯಲಿಲ್ಲ. ಮುಕ್ಕಾಲಿಗಳ ಮೇಲೆ ಮರದ ದೋಣಿಯಂಥ ಪೆಟ್ಟಿಗೆಗಳನ್ನು ಸಾಲಾಗಿ ಇರಿಸಿ, ಮಟ್ಟ ನೋಡಿ, ಅದರೊಳಗೆ ಸರಪಳಿ ಮಲಗಿಸಿ, ಪಕ್ಕದಲ್ಲಿ ಉಷ್ಣಮಾಪಕ ಇಡುತ್ತಿದ್ದ. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. ಬೆಳಗಿನ ತಂಪಿಗೂ ನಡುಹಗಲಿನ ಬಿಸಿಲಿಗೂ ಹತ್ತು ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಎಂದಿಟ್ಟುಕೊಂಡರೂ ನೂರು ಅಡಿಯ ಸರಪಳಿ ಸುಮಾರು ಮೂರೂವರೆ ಮಿಲಿಮೀಟರು ಉದ್ದವಾಗುತ್ತದೆ. ಇದು ಯಾವ ಮಹಾ ಎನ್ನಿಸಬಹುದು. ಆದರೆ ಏಳೂವರೆ ಮೈಲಿಗೆ ಸರಪಳಿಯನ್ನು ಸುಮಾರು ನಾನೂರು ಸಲ ಎತ್ತಿ ಇಡಬೇಕು. ಆಗ ತಪ್ಪು ನಾಲ್ಕು ಅಡಿ ಮೀರುತ್ತದೆ. ರಾಯಚೂರು ಸೀಮೆಯ ಬಿಸಿಲು ಬಲ್ಲವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಮದ್ರಾಸಿನ ಆಧಾರರೇಖೆ 1802ರಲ್ಲಿ ಮುಗಿಯಿತು. ಅಲ್ಲಿಂದ ತ್ರಿಕೋನಗಳ ಸಾಲು ಪಶ್ಚಿಮಕ್ಕೆ ಹತ್ತಿ ಬೆಂಗಳೂರು ತಲುಪಿತು. ಈಗ ಆತ ಮಾಡಿದ್ದು ನೋಡಿ. ಲೆಕ್ಕದಿಂದಲೇ ಬೆಂಗಳೂರಿನ ಬಳಿಯ ಒಂದು ರೇಖೆಯ ಉದ್ದ ಸಿಕ್ಕಿಬಿಟ್ಟಿತ್ತು. ಅದನ್ನು ಒಪ್ಪಿ ಮುಂದೆ ಹೋಗಬಹುದಿತ್ತು, ಕೇಳುವವರೂ ಇರಲಿಲ್ಲ. ಆದರೆ 1804ರಲ್ಲಿ ಅದೇ ರೇಖೆಯನ್ನು ತನ್ನ ಸಹಾಯಕ ಜಾನ್ ವಾರೆನ್‌ನಿಂದ ನೆಲದ ಮೇಲೆ ಮತ್ತೆ ಸರಪಳಿ ಹಾಸಿ ಅಳೆಸಿದ. ಸುಮಾರು 160 ಮೈಲಿ ದೂರದಿಂದ ತ್ರಿಕೋನಗಳ ಮೂಲಕ ಬಂದ ಲೆಕ್ಕಕ್ಕೂ ನೆಲದ ಅಳತೆಗೂ ಬಂದ ವ್ಯತ್ಯಾಸ ನಾಲ್ಕು ಇಂಚಿನೊಳಗೆ.

ಈ ವಾರೆನ್ ಸಾಧಾರಣ ಮನುಷ್ಯನಲ್ಲ. ಮೈಸೂರಿನ ಪೂರ್ವ ಗಡಿಯ ಸರ್ವೆಯಲ್ಲಿದ್ದಾಗ, 1802ರಲ್ಲಿ, ಕೋಲಾರದ ಕಡೆ ಮಣ್ಣಿನಲ್ಲಿ ಚಿನ್ನ ಇರುವುದನ್ನು ಕೇಳಿ, ಪರೀಕ್ಷಿಸಿ ವರದಿ ಮಾಡಿದವನು ಆತನೇ. ನೆಲ ಅಳೆಯುವವರಿಗೂ ಚಿನ್ನ ಹುಡುಕುವವರಿಗೂ ಅದೇನೋ ನಂಟು. ಮಸ್ಕಿಯ ಅಶೋಕ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದ ಬೀಡನ್ ಕೂಡ ಈ ಸೀಮೆಗೆ ಬಂದದ್ದು ಚಿನ್ನದ ಗಣಿಯ ಎಂಜಿನಿಯರನಾಗಿಯೇ.

ತ್ರಿಕೋನಗಳು 1806ರ ಹೊತ್ತಿಗೆ ಮಂಗಳೂರಿನ ಕಡಲು ಮುಟ್ಟಿದವು. ಆಗ ತಿಳಿದದ್ದು, ಹಳೆಯ ನಕ್ಷೆಗಳು 400 ಮೈಲಿ ಎಂದು ತೋರಿಸುತ್ತಿದ್ದ ದಖ್ಖನಿನ ಅಗಲ ನಿಜಕ್ಕೂ ಸುಮಾರು 360 ಮೈಲಿ ಮಾತ್ರ. ಕಂಪೆನಿಯ ಕಾಗದದ ಮೇಲಿದ್ದ ನಲವತ್ತು ಮೈಲಿ ನೆಲ ಒಂದೇ ಪೆಟ್ಟಿಗೆ ಮಾಯವಾಯಿತು.

ತಂಜಾವೂರಿನ ಗೋಪುರದಲ್ಲಿ

ಕೋನ ಅಳೆಯುವ ಆತನ ದೊಡ್ಡ ಥಿಯೊಡೊಲೈಟ್ ಲಂಡನ್ನಿನ ಕ್ಯಾರಿ ಎಂಬಾತ ಮಾಡಿದ್ದು. ಅರ್ಧ ಟನ್ ತೂಕ, ಮೂರು ಅಡಿ ವ್ಯಾಸದ ವೃತ್ತ. ಸಮುದ್ರದಲ್ಲಿ ಬರುವಾಗ ಅದು ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್ ಸೇರಿತು. ಇದು ಯುದ್ಧದ ಸಾಮಾನಲ್ಲ, ವಿದ್ಯೆಯ ಸಾಮಾನು ಎಂದು ತಿಳಿದ ಮೇಲೆ ಅಲ್ಲಿಯ ಗವರ್ನರು ಮರ್ಯಾದೆಯ ಪತ್ರದೊಂದಿಗೆ ಅದನ್ನು ಮದ್ರಾಸಿಗೆ ಕಳಿಸಿಕೊಟ್ಟ. ಆಗ ಎರಡು ದೇಶಗಳೂ ಕಾದಾಡುತ್ತಿದ್ದವು ಎಂಬುದನ್ನು ಮರೆಯಬಾರದು.

ಬಯಲು ಸೀಮೆಯಲ್ಲಿ ಬೆಟ್ಟ ಸಿಗದಿದ್ದರೆ ದೇವಸ್ಥಾನದ ಗೋಪುರವೇ ಬೆಟ್ಟ. 1808ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಗೋಪುರದ ಮೇಲಕ್ಕೆ ಈ ಉಪಕರಣವನ್ನು ಏರಿಸುವಾಗ ಹಗ್ಗ ಕಿತ್ತು, ಅದು ಗೋಡೆಗೆ ಅಪ್ಪಳಿಸಿತು. ವೃತ್ತವೇ ಸೊಟ್ಟಗಾಯಿತು. ಕೋನ ಅಳೆಯುವ ವೃತ್ತ ಸೊಟ್ಟಗಾದರೆ ಆ ಯಂತ್ರ ಗುಜರಿಗೆ. ಹೊಸದನ್ನು ತರಿಸಲು ವರ್ಷಗಳೇ ಬೇಕು. ಲ್ಯಾಂಬ್ಟನ್ ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಡೇರೆಯೊಳಗೆ ಸೇರಿ ಯಂತ್ರ ಬಿಚ್ಚಿ, ಚಪ್ಪಟೆ ಹಲಗೆಯ ಮೇಲೆ ಸರಿಯಾದ ಅಳತೆಯ ವೃತ್ತವೊಂದನ್ನು ಬರೆದುಕೊಂಡು, ಬೆಣೆ, ತಿರುಪು, ರಾಟೆಗಳಿಂದ ಲೋಹವನ್ನು ಕೂದಲೆಳೆಯಷ್ಟಷ್ಟೇ ಎಳೆಯುತ್ತ ಆರು ವಾರ ಕೂತ. ಹೊರಬಂದಾಗ ಯಂತ್ರ ಮತ್ತೆ ಕೆಲಸಕ್ಕೆ ಯೋಗ್ಯವಾಗಿತ್ತು. ಅದನ್ನು ಇಂದಿಗೂ ಡೆಹ್ರಾಡೂನಿನ ಸರ್ವೆ ಆಫ್ ಇಂಡಿಯಾದವರು ಕಾಯ್ದಿಟ್ಟುಕೊಂಡಿದ್ದಾರೆ. ಆತನ ಕೈಕೆಳಗಿನವರಿಗೆ ಆತನ ಮೇಲಿದ್ದ ಅಭಿಮಾನ ಎಲ್ಲಿಂದ ಬಂತು ಎಂಬುದಕ್ಕೆ ಈ ಆರು ವಾರಗಳೇ ಸಾಕ್ಷಿ. ಮದ್ರಾಸಿನ ಸರ್ವೆ ಶಾಲೆಯಲ್ಲಿ ಕಲಿತ ಜೋಶುವಾ ಡಿ ಪೆನಿಂಗ್‌ನಂಥ ಹುಡುಗರು ಆತನ ಜೊತೆ ಸೇರಿ, ಅವನ ಡೇರೆಯಲ್ಲೇ ಬೆಳೆದು, ಆತನ ಕೊನೆಯ ದಿನಗಳವರೆಗೂ ಇದ್ದರು.

ಎರಡು ನದಿ ದಾಟಿದ ತ್ರಿಕೋನ

1811ರಲ್ಲಿ ಗುತ್ತಿಯ ಬಳಿ ಮತ್ತೊಂದು ಆಧಾರರೇಖೆ. ನಾಲ್ಕು ವರ್ಷಗಳ ಮೇಲೆ, 1815ರಲ್ಲಿ, ಬೀದರ್ ಬಳಿಯ ದಾಮರಗಿದ್ದದಲ್ಲಿ ಇನ್ನೊಂದು. ಈ ಎರಡರ ನಡುವೆ ಇರುವುದೇ ತುಂಗಭದ್ರೆ ಮತ್ತು ಕೃಷ್ಣೆ. ಕಂಪೆನಿಯ ದತ್ತ ಮಂಡಲಗಳಿಂದ ಹೊರಟ ಸರ್ವೆ ನಿಜಾಮನ ಸೀಮೆಗೆ ಕಾಲಿಟ್ಟಿತ್ತು. ಆಗ ರಾಯಚೂರು, ಸಿಂಧನೂರು, ಲಿಂಗಸುಗೂರು ಎಲ್ಲ ಹೈದರಾಬಾದಿಗೆ ಸೇರಿದವು. ಲ್ಯಾಂಬ್ಟನ್ ಮುಂದೆ ಹೈದರಾಬಾದನ್ನೇ ಬಿಡಾರ ಮಾಡಿಕೊಂಡ.

ಊರಿನ ಜನ ಇದನ್ನೆಲ್ಲ ಹೇಗೆ ನೋಡಿರಬೇಕು? ಬೆಟ್ಟದ ತಲೆಯ ಮೇಲೆ ನಿಶಾನೆ ನೆಡುವುದು, ರಾತ್ರಿ ದೀಪ ಹಚ್ಚಿ ಕೂರುವುದು, ಹಿತ್ತಾಳೆಯ ಯಂತ್ರದೊಳಗೆ ಕಣ್ಣಿಟ್ಟು ಗಂಟೆಗಟ್ಟಲೆ ನೋಡುವುದು ಯಾರಿಗಾದರೂ ಅನುಮಾನ ಹುಟ್ಟಿಸುವಂಥದ್ದೇ. ದುರ್ಬೀನಿನಲ್ಲಿ ಮನೆಯೊಳಗಿನ ಹೆಂಗಸರು ಕಾಣುತ್ತಾರೆ ಎಂಬ ಗುಮಾನಿಯಿಂದ ಎಷ್ಟೋ ಕಡೆ ಕೋಟೆಯ ಬುರುಜು ಹತ್ತಲು ಬಿಡಲಿಲ್ಲ. ಆ ಅನುಮಾನವನ್ನು ಮೌಢ್ಯ ಎಂದು ತಳ್ಳಿಹಾಕುವುದು ಸುಲಭ. ಆದರೆ ಅಳೆಯಲು ಬಂದವನು ಬೆನ್ನಿಗೆ ತೆರಿಗೆಯನ್ನೂ ಫೌಜನ್ನೂ ಕಟ್ಟಿಕೊಂಡು ಬರುತ್ತಾನೆ ಎಂದು ತಿಳಿದಿದ್ದ ಜನ ಪೂರ್ತಿ ತಪ್ಪಿರಲಿಲ್ಲ. ಲ್ಯಾಂಬ್ಟನ್ ಭೂಮಿಯ ಆಕಾರ ಹುಡುಕುತ್ತಿದ್ದರೂ ಆತನಿಗೆ ಸಂಬಳ ಕೊಡುತ್ತಿದ್ದ ಕಂಪೆನಿ ಹುಡುಕುತ್ತಿದ್ದುದು ಅದನ್ನಲ್ಲ. ಸೈನ್ಯಕ್ಕೆ ದಾರಿ, ಕಂದಾಯಕ್ಕೆ ಲೆಕ್ಕ, ಎರಡೂ ಅದಕ್ಕೆ ಬೇಕಿತ್ತು.

ಇನ್ನೊಂದು ಮಾತು. ಅರ್ಧ ಟನ್ನಿನ ಯಂತ್ರವನ್ನು ಬೆಟ್ಟದ ತುದಿಗೆ ಹೊತ್ತವರು, ನಿಶಾನೆ ಹಿಡಿದು ದಿನಗಟ್ಟಲೆ ಬಿಸಿಲಲ್ಲಿ ನಿಂತವರು ಯಾರು? ನಿಶಾನೆಯವರು, ಲಸ್ಕರರು, ಹಮಾಲರು, ಹರಕಾರರು ಎಂಬ ಒಟ್ಟು ಹೆಸರಷ್ಟೇ ಅವರದು. 1819ರಲ್ಲಿ ಆತನ ಹೊಸ ಸಹಾಯಕ ಜಾರ್ಜ್ ಎವರೆಸ್ಟ್ ಕೃಷ್ಣಾ ಗೋದಾವರಿ ನಡುವಿನ ಕಾಡುಗಳಿಗೆ ಮಳೆಗಾಲದಲ್ಲಿ ನುಗ್ಗಿದಾಗ ಚಳಿಜ್ವರ ಬಿದ್ದು ಸುಮಾರು 150 ಜನರ ತಂಡವೇ ಮಲಗಿಬಿಟ್ಟಿತು. ಹೈದರಾಬಾದಿಗೆ ಹಿಂದಿರುಗುವ ಹಾದಿಯಲ್ಲಿ ಹದಿನೈದು ಮಂದಿ ಸತ್ತರು. ಎವರೆಸ್ಟ್ ಚೇತರಿಸಿಕೊಂಡ, ಅವನ ಹೆಸರು ಜಗತ್ತಿನ ಅತಿ ಎತ್ತರದ ಶಿಖರಕ್ಕೆ ಬಂತು. ಆ ಹದಿನೈದು ಜನರ ಹೆಸರು ಯಾವ ಬೆಟ್ಟಕ್ಕೂ ಬರಲಿಲ್ಲ.

1818ರಲ್ಲಿ ಈ ಕೆಲಸ ಮದ್ರಾಸ್ ಸರ್ಕಾರದಿಂದ ಗವರ್ನರ್ ಜನರಲ್ ಅಧೀನಕ್ಕೆ ಹೋಗಿ 'ಮಹಾ ತ್ರಿಕೋನಮಿತೀಯ ಸರ್ವೆ' ಎಂಬ ಹೆಸರು ಪಡೆಯಿತು. ಅದಕ್ಕೂ ಮುಂಚೆಯೇ, 1817ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿ ಆತನನ್ನು ಸದಸ್ಯನಾಗಿ ಆರಿಸಿತ್ತು. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯೂ ಗೌರವಿಸಿತ್ತು. ಕನ್ಯಾಕುಮಾರಿಯ ಸಮೀಪದಿಂದ ಬೀದರಿನವರೆಗೆ ಹತ್ತಿರ ಹತ್ತಿರ ಹತ್ತು ಡಿಗ್ರಿ ಅಕ್ಷಾಂಶದ ಅಳತೆ ಆಗ ಆತನ ಬುಟ್ಟಿಯಲ್ಲಿತ್ತು. ಒಟ್ಟಾರೆ ಆತ ತ್ರಿಕೋನಗಳಿಂದ ಮುಚ್ಚಿದ ನೆಲ ಸುಮಾರು 1,65,000 ಚದರ ಮೈಲಿ. ವಯಸ್ಸು ಎಪ್ಪತ್ತರ ಹತ್ತಿರ ಬಂದರೂ ಉತ್ತರಕ್ಕೆ ನಡೆಯುತ್ತಲೇ ಇದ್ದ ಮನುಷ್ಯ ನಾಗಪುರದ ದಾರಿಯಲ್ಲಿ, ಈಗಿನ ಮಹಾರಾಷ್ಟ್ರದ ಹಿಂಗಣಘಾಟಿನಲ್ಲಿ, 1823ರ ಜನವರಿ 20ರಂದು ಡೇರೆಯಲ್ಲೇ ತೀರಿಕೊಂಡ. ಸಮಾಧಿ ಅಲ್ಲಿಯೇ ಇದೆ.

ಆತನ ನಂತರ ಬಂದ ಎವರೆಸ್ಟ್ ಗುರುವಿನ ಕೆಲಸವನ್ನು ಕಣ್ಣುಮುಚ್ಚಿ ಒಪ್ಪಲಿಲ್ಲ. ಉಕ್ಕಿನ ಸರಪಳಿ ಸಾಲದೆಂದು ತೆಗೆದುಹಾಕಿ, ಬಿಸಿಲಿಗೆ ಉದ್ದ ಬದಲಾಗದಂತೆ ಎರಡು ಲೋಹಗಳಿಂದ ಮಾಡಿದ ಪಟ್ಟಿಗಳನ್ನು ಇಂಗ್ಲೆಂಡಿನಿಂದ ತಂದ. ಲ್ಯಾಂಬ್ಟನ್‌ನ ಬೀದರಿನ ಆಧಾರರೇಖೆಯನ್ನೂ 1841ರಲ್ಲಿ ಆ್ಯಂಡ್ರೂ ವಾ ಮತ್ತೆ ಅಳೆದ. ನಾನೂರಕ್ಕೂ ಹೆಚ್ಚು ಮೈಲಿ ಉತ್ತರದ ಸಿರೋಂಜಿನಿಂದ ತ್ರಿಕೋನಗಳ ಮೂಲಕ ಬಂದ ಲೆಕ್ಕಕ್ಕೂ ಬೀದರಿನ ನೆಲದ ಅಳತೆಗೂ ಬಿದ್ದ ಅಂತರ ಐದು ಇಂಚಿಗಿಂತ ಕಡಿಮೆ. ಹೀಗೆ ತನ್ನ ಅಳತೆಯನ್ನೇ ಶಿಷ್ಯರು ತೆಗೆದಿಟ್ಟು ಹೊಸದಾಗಿ ಅಳೆದರು ಎಂದು ಲ್ಯಾಂಬ್ಟನ್ ಕೇಳಿದ್ದರೆ ಬೇಸರಪಡುವ ಜಾತಿಯವನಾಗಿರಲಿಲ್ಲ.

ಹೊಲಕ್ಕೆ ಇಳಿಯದ ಲೆಕ್ಕ

ಇಷ್ಟಾದರೂ ರೈತನ ಹೊಲಕ್ಕೆ ಈ ಮಹಾ ತ್ರಿಕೋನಗಳು ಇಳಿಯಲಿಲ್ಲ ಎಂಬುದು ಕತೆಯ ಇನ್ನೊಂದು ಮಗ್ಗುಲು. ಹೊಲಗಳನ್ನು ಅಳೆದದ್ದು ಬೇರೆಯೇ ಸರ್ವೆ. ಮುಂಬಯಿ ಪ್ರಾಂತ್ಯದಲ್ಲಿ 1830ರ ದಶಕದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ರೂಪಿಸಿದ ಕಂದಾಯ ಸರ್ವೆಯ ಪದ್ಧತಿ ಧಾರವಾಡ, ಬಿಜಾಪುರಗಳಿಗೆ ಬಂತು. ಸಾಲಾರ್ ಜಂಗರ ಸುಧಾರಣೆಯ ಕಾಲದ ನಂತರ ಹೈದರಾಬಾದ್ ಸಂಸ್ಥಾನವೂ ಅದೇ ಮಾದರಿ ಹಿಡಿಯಿತು. ಅದರ ಸರಪಳಿ 33 ಅಡಿ ಉದ್ದದ್ದು, ಹದಿನಾರು ಆಣೆಗಳಾಗಿ ಭಾಗ ಮಾಡಿದ್ದು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಆದರೆ ಒಂದು ಗುಂಟೆ. ಅಂಥ ನಲವತ್ತು ಸೇರಿದರೆ ಎಕರೆ. ಇಂದಿಗೂ ಪಹಣಿಯಲ್ಲಿ ಬರೆಯುವ ಎಕರೆ-ಗುಂಟೆಯ ಮೂಲ ಇದೇ.

ಕಂದಾಯ ಸರ್ವೆಯವರಿಗೆ ಬೇಕಾಗಿದ್ದುದು ಹೊಲದ ವಿಸ್ತೀರ್ಣ ಮತ್ತು ಆಕಾರ, ತೀರುವೆ ಕಟ್ಟಲು ಅದು ಸಾಕು. ಆ ಹೊಲ ಭೂಮಿಯ ಮೇಲೆ ಯಾವ ಅಕ್ಷಾಂಶ, ಯಾವ ರೇಖಾಂಶದಲ್ಲಿದೆ ಎಂಬುದು ಅವರಿಗೆ ಬೇಕಿರಲಿಲ್ಲ. ಹೀಗಾಗಿ ಬಹುಮಟ್ಟಿಗೆ ಪ್ರತಿ ಊರಿನ ನಕ್ಷೆಯೂ ತನ್ನಷ್ಟಕ್ಕೆ ತಾನು ನಿಂತಿತು. ಬಾಂದು ಕಲ್ಲು ಬಾಂದು ಕಲ್ಲನ್ನೇ ನಂಬಬೇಕು, ಅದನ್ನು ಪರೀಕ್ಷಿಸಲು ಹೊರಗಿನ ಸಾಕ್ಷಿ ಇಲ್ಲ. ಮೇಲಿನ ಬೆಟ್ಟದ ಮೇಲೆ ಇಂಚಿನ ಲೆಕ್ಕದ ತ್ರಿಕೋನ, ಕೆಳಗೆ ಎರೆಹೊಲದಲ್ಲಿ ಮಣ್ಣಿನಲ್ಲಿ ಹೂತ ಕಲ್ಲು. ಎರಡೂ ಒಂದನ್ನೊಂದು ಮಾತಾಡಿಸದೆ ನೂರೈವತ್ತು ವರ್ಷ ಕಳೆದವು. ಜಮೀನಿನ ವ್ಯಾಜ್ಯಗಳು ಮೂರು ತಲೆಮಾರಿಗೂ ಮುಗಿಯದೆ ಇರುವುದಕ್ಕೆ ಕಾರಣ ಹಲವು. ಇದೂ ಒಂದು ಕಾರಣ ಎಂಬುದನ್ನು ಅಲ್ಲಗಳೆಯಲಾಗದು.

ಮಟ್ಟದ ಲೆಕ್ಕ ಮಾತ್ರ ಹಾಗಲ್ಲ. 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಅಣೆಕಟ್ಟಿನಿಂದ ಎಡದಂಡೆ ಕಾಲುವೆ 227 ಕಿಲೋಮೀಟರು ಹರಿದು ಬರುತ್ತದೆ. ಯಂತ್ರದ ಹಂಗಿಲ್ಲದೆ ಬರೀ ಇಳಿಜಾರಿನ ಮೇಲೆ ನೀರು ಅಷ್ಟು ದೂರ ಬರಬೇಕಾದರೆ ಪ್ರತಿ ಮೈಲಿಗೂ ನೆಲ ಎಷ್ಟು ತಗ್ಗಿದೆ ಎಂದು ಬೆರಳಿನಷ್ಟು ಖಚಿತವಾಗಿ ಗೊತ್ತಿರಬೇಕು. ಸಮುದ್ರ ಮಟ್ಟದಿಂದ ಊರೂರಿಗೆ ಎತ್ತರ ಅಳೆದುಕೊಂಡು ಬರುವ ಕೆಲಸವನ್ನು ಆ ಮಹಾ ಸರ್ವೆಯವರೇ 1858ರಲ್ಲಿ ಆರಂಭಿಸಿದ್ದರು. ಕಾಲುವೆಯ ಎಂಜಿನಿಯರುಗಳಿಗೆ, ರೈಲು ಹಳಿ ಹಾಕಿದವರಿಗೆ ಇಂಥ ಮಟ್ಟದ ಗುರುತುಗಳು ಎಷ್ಟು ಮುಖ್ಯ ಎಂಬುದು ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಸಮುದ್ರ ಮಟ್ಟದಿಂದ ಎಷ್ಟು ಮೀಟರು ಎಂದು ಬರೆದದ್ದನ್ನು ಓದಿದವರಿಗೆಲ್ಲ ಗೊತ್ತು.

ಭಾರತದ ನಕ್ಷೆಗಳು ಬಹುಕಾಲ ನಿಂತದ್ದು ಲ್ಯಾಂಬ್ಟನ್ ಮತ್ತು ಎವರೆಸ್ಟ್ ಕಂಡ ಭೂಮಿಯ ಆಕಾರದ ಮೇಲೆ. ಎವರೆಸ್ಟ್ 1830ರಲ್ಲಿ ಲೆಕ್ಕ ಹಾಕಿದ ಆ ಆಕಾರದಿಂದ ಉಪಗ್ರಹಗಳ ಅಂತಾರಾಷ್ಟ್ರೀಯ ಲೆಕ್ಕಕ್ಕೆ ಹೊರಳಲು ದಾರಿಯಾದದ್ದು 2005ರ ರಾಷ್ಟ್ರೀಯ ನಕ್ಷೆ ನೀತಿಯಿಂದ. ಕರ್ನಾಟಕದಲ್ಲಿ 2000ದ ಇಸವಿಯ 'ಭೂಮಿ' ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿತು, ಆದರೆ ಪಹಣಿ ಹೇಳುವುದು ಎಷ್ಟು ಎಂದೇ ಹೊರತು ಎಲ್ಲಿ ಎಂದಲ್ಲ. 'ಎಲ್ಲಿ' ಎಂಬುದಕ್ಕೆ ಈಗ ಡ್ರೋನ್ ಮತ್ತು ಉಪಗ್ರಹದ ಸಂಕೇತ ಹಿಡಿಯುವ ರೋವರುಗಳು ಬಂದಿವೆ. ಊರಿನ ವಾಸದ ಜಾಗಗಳನ್ನು ಡ್ರೋನಿನಿಂದ ಅಳೆಯುವ ಸ್ವಾಮಿತ್ವ ಯೋಜನೆ 2020ರಲ್ಲಿ ಆರಂಭವಾಯಿತು. ಹೊಲದ ಮೂಲೆಯಲ್ಲಿ ಕೋಲಿನಂಥ ರೋವರು ನೆಟ್ಟು ನಿಂತರೆ ಕೆಲವೇ ಕ್ಷಣದಲ್ಲಿ ಅಕ್ಷಾಂಶ, ರೇಖಾಂಶ ಸೆಂಟಿಮೀಟರಿನ ಮಟ್ಟಕ್ಕೆ ಸಿಗುತ್ತದೆ. ಲ್ಯಾಂಬ್ಟನ್‌ಗೆ ಇದಕ್ಕೆ ಬೆಟ್ಟ, ಗೋಪುರ, ನಿಶಾನೆ, ವರ್ಷಗಳು ಬೇಕಾಗಿದ್ದವು.

ಆದರೆ ರೋವರು ಕೊಡುವ ಅಂಕಿ ಹಳೆಯ ಟಿಪ್ಪಣಿಗೆ ಹೊಂದದಿದ್ದಾಗ ಯಾವುದನ್ನು ಒಪ್ಪಬೇಕು? ಬಾಂದು ಕಲ್ಲು ಒಂದು ಕಡೆ, ಟಿಪ್ಪಣಿ ಇನ್ನೊಂದು ಕಡೆ, ಇಪ್ಪತ್ತು ವರ್ಷದ ಸಾಗುವಳಿಯ ಬದು ಮತ್ತೊಂದು ಕಡೆ ತೋರಿಸುವುದು ಅಪರೂಪವೇನಲ್ಲ. ಯಂತ್ರ ಹೊಸದು ಎಂಬ ಒಂದೇ ಕಾರಣಕ್ಕೆ ಅದರ ಮಾತನ್ನು ಅಂತಿಮ ಎಂದುಕೊಂಡರೆ ಒಬ್ಬ ರೈತನ ಐದು ಗುಂಟೆ ಹೋಗಬಹುದು. ಪಕ್ಕದ ಸರ್ವೆ ನಂಬರಿನ ಕಲ್ಲಿನಿಂದ, ಆಚೆ ಬದಿಯ ಊರಗಡಿಯ ಕಲ್ಲಿನಿಂದ ಬೇರೆ ಬೇರೆಯಾಗಿ ಬಂದು ಅದೇ ಮೂಲೆಯನ್ನು ಮುಟ್ಟಿ ನೋಡಬೇಕಾಗುತ್ತದೆ. ಅದಕ್ಕೆ ಅರ್ಧ ದಿನ ಹೆಚ್ಚು ಹಿಡಿಯುತ್ತದೆ. ಅರ್ಜಿಗಳ ರಾಶಿ ಹೊತ್ತ ಭೂಮಾಪಕರಿಗೆ ಆ ಅರ್ಧ ದಿನವನ್ನು ಕೊಡಬೇಕಾದವರು ಇಲಾಖೆಯವರು.